ರಾಗಿ ಹೊಲಕ್ಕೊಂದು ಲಕ್ಸ್ ಮೀಟರ್: ಬರದ ವರ್ಷದಲ್ಲಿ ಕೊಟ್ಟ ಹಣಕ್ಕೆ ಬೆಲೆ ಉಂಟೇ?

ಕೈಯಲ್ಲಿ ಹಿಡಿದು ಬೆಳಕು ಅಳೆಯುವ ಡಿಜಿಟಲ್ ಲಕ್ಸ್ ಮೀಟರನ್ನು ಯಾರೂ ರಾಗಿ ಬೆಳೆಯುವವರಿಗಾಗಿ ತಯಾರಿಸುವುದಿಲ್ಲ. ಕಚೇರಿಯ ಮೇಜಿನ ಮೇಲೆ, ಕಾರ್ಖಾನೆಯ ಯಂತ್ರದ ಮುಂದೆ, ಕೋಳಿ ಫಾರಂನ ಒಳಗೆ ಬೆಳಕು ಸಾಕಷ್ಟಿದೆಯೇ ಎಂದು ನೋಡಲು ಇರುವ ಸಾಧನ ಅದು. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಇಂಥದೊಂದು ಮೀಟರನ್ನು ಅರಸೀಕೆರೆ ತಾಲ್ಲೂಕಿನ ಜಾವಗಲ್ ಕಡೆ ಇರುವ ನಮ್ಮ ಮಳೆಯಾಶ್ರಿತ ಹೊಲದಲ್ಲಿಯೂ, ಕಡೂರು ತಾಲ್ಲೂಕಿನ ಯಗಟಿಯಲ್ಲಿರುವ ನೆಂಟರ ಹೊಲದಲ್ಲಿಯೂ ಬಳಸಿ ನೋಡಿದ್ದೇನೆ. ಒಣ ಬೇಸಾಯದವರು ಇದನ್ನು ಕೊಳ್ಳಬಹುದೇ ಎಂದು ಕೇಳಿದರೆ ಕೊಳ್ಳಬಹುದು ಎಂದೇ ಹೇಳುತ್ತೇನೆ. ಆದರೆ ಅದು ಯಾವುದನ್ನು ಅಳೆಯುತ್ತದೆ, ಯಾವುದರ ವಿಷಯದಲ್ಲಿ ಕುರುಡು ಎಂಬುದನ್ನು ತಿಳಿದುಕೊಂಡೇ ಕೊಳ್ಳಬೇಕು. ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ ಬೆಳೆಯ ಬಗ್ಗೆ ಒಂದಕ್ಷರವೂ ಇರುವುದಿಲ್ಲವಾದ್ದರಿಂದ ಈ ವಿಮರ್ಶೆಯ ಬಹುಪಾಲು ಆ ತಿಳಿವಳಿಕೆಗೇ ಮೀಸಲು.

ಮೀಟರನ್ನು ಮೊದಲ ಸಲ ಹೊಲಕ್ಕೆ ಒಯ್ದಾಗ ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ನಿಂತು, "ಏನಪ್ಪಾ, ಬಿಸಿಲನ್ನೂ ಅಳೀತೀಯಾ? ಬಿಸಿಲಿಗೇನು ಬರ ಬಂದಿದೆ, ಮಳೆ ಅಳೆಯೋ ಮಿಷನ್ ತಂದಿದ್ರೆ ಆಗ್ತಿತ್ತಲ್ಲ" ಎಂದರು. ಅವರ ಮಾತು ಸರಿಯಾದದ್ದೇ. ಮುಂಗಾರು ಕೈಕೊಟ್ಟ ವರ್ಷ ಮೋಡವೂ ಕಡಿಮೆಯಾಗುವುದರಿಂದ ಹೊಲಕ್ಕೆ ಬೀಳುವ ಬೆಳಕು ಒಳ್ಳೆಯ ಮಳೆಗಾಲಕ್ಕಿಂತ ಹೆಚ್ಚೇ ಆಗಿರುತ್ತದೆ. ಮಳೆ ಎಷ್ಟು ಬಂತೆಂಬುದನ್ನು ತಿಳಿಯಲು ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳೂ ಇವೆ. ಆದರೆ ಬಿದ್ದ ಬೆಳಕಿನಲ್ಲಿ ಬೆಳೆ ಎಷ್ಟನ್ನು ಹಿಡಿಯಿತು, ಎಷ್ಟು ಬರಿ ನೆಲದ ಪಾಲಾಯಿತು ಎಂಬುದನ್ನು ಯಾವ ಕಚೇರಿಯೂ ನಮಗೆ ಹೇಳುವುದಿಲ್ಲ. ಬರ ಬೆಳೆಯನ್ನು ಹೊಡೆಯುವುದು ಮೊದಲು ಅಲ್ಲಿಯೇ.

ಬೆಳೆ ಕಟ್ಟುವ ಒಣ ಪದಾರ್ಥವು ಅದು ಹಿಡಿದಿಟ್ಟ ಬೆಳಕಿಗೆ ಬಹುಮಟ್ಟಿಗೆ ನೇರ ಅನುಪಾತದಲ್ಲಿರುತ್ತದೆ ಎಂಬುದನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ಮಾಂಟೀತ್ 1977ರಲ್ಲಿ ಬಾರ್ಲಿ, ಆಲೂಗೆಡ್ಡೆ, ಸಕ್ಕರೆ ಬೀಟ್ ಮತ್ತು ಸೇಬಿನ ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು ತೋರಿಸಿದರು. ಹಿಡಿದ ಪ್ರತಿ ಮೆಗಾಜೌಲ್ ಸೌರಶಕ್ತಿಗೆ ಸುಮಾರು 1.4 ಗ್ರಾಂ ಒಣ ಪದಾರ್ಥ ಎಂಬುದು ಅವರು ಕಂಡ ಸರಾಸರಿ. ರಾಗಿ, ಜೋಳ, ಮುಸುಕಿನ ಜೋಳದಂಥ ಸಿ-4 ಬೆಳೆಗಳು (ಬಿಸಿಲು, ಸೆಕೆಯಲ್ಲಿ ಬೆಳಕನ್ನು ಹೆಚ್ಚು ಚೆನ್ನಾಗಿ ಬಳಸುವ ಗುಂಪಿನವು) ನೀರು, ಗೊಬ್ಬರ ಸಾಕಷ್ಟಿದ್ದಾಗ ಇದಕ್ಕಿಂತ ಸ್ವಲ್ಪ ಹೆಚ್ಚನ್ನೇ ಕಟ್ಟಬಲ್ಲವಾದರೂ ಲೆಕ್ಕ ಹಾಕಿ ನೋಡಲು ಈ ಸಂಖ್ಯೆಯೇ ಸಾಕು. ಮುಂಗಾರಿನ ಒಂದು ದಿನ ಚದರ ಮೀಟರಿಗೆ 16 ಮೆಗಾಜೌಲ್ ಶಕ್ತಿ ಬೀಳುತ್ತದೆ ಎಂದುಕೊಳ್ಳೋಣ. ಎಲೆಗಳ ಹೊದಿಕೆ ಕೂಡಿಕೊಂಡ ಬೆಳೆ ಅದರಲ್ಲಿ ಶೇ. 75ರಷ್ಟನ್ನು ಹಿಡಿದರೆ ಎಕರೆಗೆ ದಿನವೊಂದಕ್ಕೆ ಸುಮಾರು 68 ಕಿಲೋ ಒಣ ಪದಾರ್ಥ ಸೇರುತ್ತದೆ; ಎಲೆ ಸಣ್ಣದಾಗಿ ಸಾಲಿನ ನಡುವೆ ನೆಲ ಕಾಣುವ ಬೆಳೆ ಶೇ. 40ರಷ್ಟನ್ನು ಮಾತ್ರ ಹಿಡಿದರೆ 36 ಕಿಲೋ. ಇದು ಕಾಳು, ಹುಲ್ಲು ಎಲ್ಲ ಸೇರಿದ ತೂಕ. ಈ ಲೆಕ್ಕದಲ್ಲಿ ಎರಡನೆಯ ಬೆಳೆಯ ಎಲೆ ಒಂದಿಷ್ಟೂ ಬಾಡಿಲ್ಲ, ಹಳದಿಯಾಗಿಲ್ಲ, ಹಿಡಿದ ಬೆಳಕನ್ನು ಮೊದಲನೆಯದರಷ್ಟೇ ಚೆನ್ನಾಗಿ ಬಳಸುತ್ತಿದೆ ಎಂಬುದನ್ನು ಗಮನಿಸಬೇಕು. ಎಲೆಯ ವಿಸ್ತೀರ್ಣವೊಂದೇ ಕಡಿಮೆಯಾಗಿ ಬೆಳವಣಿಗೆ ಅರ್ಧಕ್ಕೆ ಇಳಿದಿದೆ.

ಎಲೆ ಏಕೆ ಮೊದಲು ಸಣ್ಣದಾಗುತ್ತದೆ? ಎಲೆ ಹಿಗ್ಗುವುದೆಂದರೆ ಅದರ ಜೀವಕೋಶಗಳು ಒಳಗಿನ ನೀರಿನ ಒತ್ತಡದಿಂದ ಉಬ್ಬಿ ದೊಡ್ಡದಾಗುವುದು. ಮಣ್ಣಿನ ತೇವ ಸ್ವಲ್ಪ ಕಡಿಮೆಯಾದರೂ ಆ ಒತ್ತಡ ಇಳಿಯುತ್ತದೆ, ಹಿಗ್ಗುವಿಕೆ ನಿಧಾನವಾಗುತ್ತದೆ. ನೀರಿನ ಕೊರತೆಗೆ ಸಸ್ಯದ ಕೆಲಸಗಳಲ್ಲೆಲ್ಲ ಮೊದಲು ಬಗ್ಗುವುದು ಜೀವಕೋಶಗಳ ಈ ಬೆಳವಣಿಗೆಯೇ, ಪತ್ರರಂಧ್ರ ಮುಚ್ಚುವುದು ಮತ್ತು ದ್ಯುತಿಸಂಶ್ಲೇಷಣೆ ಕುಗ್ಗುವುದು ಅದರ ನಂತರದ್ದು ಎಂಬುದನ್ನು ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿ ಥಿಯೋಡೋರ್ ಷಾವ್ 1973ರ ತಮ್ಮ ಪ್ರಸಿದ್ಧ ಸಮೀಕ್ಷಾ ಲೇಖನದಲ್ಲಿ ಕ್ರಮವಾಗಿ ಜೋಡಿಸಿ ತೋರಿಸಿದ್ದರು. ಕಣ್ಣಿಗೆ ಬೆಳೆ ಹಸಿರಾಗಿಯೇ ಕಾಣುತ್ತಿರುವಾಗ, "ಇನ್ನೂ ಬಾಡಿಲ್ಲ, ಒಂದು ವಾರ ತಡೆಯುತ್ತೆ" ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಹೊಸ ಎಲೆ ಗಿಡ್ಡವಾಗಿ, ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವುದು ನಿಂತು, ಮುಂದಿನ ಎರಡು ತಿಂಗಳ ಬೆಳಕಿನ ಗಳಿಕೆ ಕೈಬಿಟ್ಟುಹೋಗಿರುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲೆ ಹೆಚ್ಚಿದಂತೆಲ್ಲ ಬೆಳಕು ಹಿಡಿಯುವ ಪ್ರಮಾಣ ಸಮನಾಗಿ ಏರುವುದಿಲ್ಲ. ಮೇಲಿನ ಎಲೆ ಕೆಳಗಿನದಕ್ಕೆ ನೆರಳಾಗುತ್ತದೆ. ಜಪಾನಿನ ಮೊನ್ಸಿ ಮತ್ತು ಸೇಕಿ 1953ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ನೆಟ್ಟಗೆ ನಿಲ್ಲುವ ಎಲೆಯ ಧಾನ್ಯದ ಬೆಳೆಗೆ ಅದನ್ನು ಅನ್ವಯಿಸಿದರೆ, ಒಂದು ಚದರ ಮೀಟರ್ ನೆಲದ ಮೇಲೆ ಒಂದು ಚದರ ಮೀಟರ್ ಎಲೆಯಿದ್ದಾಗ ಸುಮಾರು ಶೇ. 39, ಎರಡಿದ್ದಾಗ ಶೇ. 63, ಮೂರಿದ್ದಾಗ ಶೇ. 78ರಷ್ಟು ಬೆಳಕು ಹಿಡಿತಕ್ಕೆ ಸಿಗುತ್ತದೆ. ನಾಲ್ಕರಿಂದ ಐದಕ್ಕೆ ಹೋದರೆ ಸಿಗುವುದು ಶೇ. 86ರಿಂದ 92, ಅಷ್ಟೇ. ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಒಂದು ಪದರ ಎಲೆ ಹೋದರೂ ದೊಡ್ಡ ನಷ್ಟವಿಲ್ಲ. ವರ್ಷಕ್ಕೆ 600–700 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಅರಸೀಕೆರೆ, ಕಡೂರಿನ ರಾಗಿಗೆ ಮೂರರ ಮಟ್ಟ ಮುಟ್ಟುವುದೇ ಒಳ್ಳೆಯ ವರ್ಷದ ಮಾತು. ಎರಡರಿಂದ ಒಂದಕ್ಕೆ ಇಳಿಯುವ ಬೆಳೆಗೆ ಬೀಳುವ ಪೆಟ್ಟೇ ಬೇರೆ. ಅದೇ ಜಿಲ್ಲೆಗಳ ಸಕಲೇಶಪುರ, ಮೂಡಿಗೆರೆಯಲ್ಲಿ ಮಳೆ 2000 ಮಿಲಿಮೀಟರ್ ದಾಟುತ್ತದೆ. ಬೆಟ್ಟದ ಮಳೆನೆರಳಿನ ಈಚೆಗೆ ಬಂದವರ ಬೇಸಾಯದ ಲೆಕ್ಕ ಇಷ್ಟು ಸಣ್ಣ ಅಂತರದಲ್ಲಿ ನಿಂತಿರುತ್ತದೆ.

ಈಗ ಮೀಟರಿನ ವಿಷಯ. ನಾನು ಕೊಂಡದ್ದು ತಂತಿಯ ತುದಿಯಲ್ಲಿ ಸಂವೇದಕವಿರುವ ಮಾದರಿ. ಮೀಟರಿನ ತಲೆಗೇ ಸಂವೇದಕ ಅಂಟಿಸಿದ ಮಾದರಿಯೂ ಅಂಗಡಿಯಲ್ಲಿದೆ, ಬೆಲೆಯೂ ಒಂದಿಷ್ಟು ಕಡಿಮೆ. ಹೊಲದ ಕೆಲಸಕ್ಕೆ ಅದು ಬೇಡ. ರಾಗಿಯ ಬುಡಕ್ಕೆ ಸಂವೇದಕವನ್ನು ಮಟ್ಟಸವಾಗಿ ಇಟ್ಟು, ನಮ್ಮ ತಲೆಯ ನೆರಳು ಅದರ ಮೇಲೆ ಬೀಳದಂತೆ ದೂರ ನಿಂತು ಅಂಕಿ ಓದಬೇಕಾದರೆ ತಂತಿ ಇರಲೇಬೇಕು. ಸಂವೇದಕವೆಂದರೆ ಅಂಗೈಯಗಲದ ಕಪ್ಪು ಡಬ್ಬಿ, ಅದರ ಮೇಲೆ ಬಿಳಿಯ ಗುಮ್ಮಟದಂಥ ಪ್ಲಾಸ್ಟಿಕ್ ಮುಚ್ಚಳ. ಕೆಂಪು ಮಣ್ಣಿನ ಧೂಳು ಆ ಬಿಳಿ ಭಾಗಕ್ಕೆ ಬಹಳ ಬೇಗ ಹಿಡಿಯುತ್ತದೆ. ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಓದಿದರೆ ಅಂಕಿ ಕಣ್ಣೆದುರೇ ಏರುತ್ತದೆ. ಒಂದು ಮೊಳ ಉದ್ದದ ಬಿದಿರಿನ ದಬ್ಬೆಗೆ ಸಂವೇದಕವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದುಕೊಂಡರೆ ಗಿಡ ಮುರಿಯದೆ ಸಾಲಿನೊಳಕ್ಕೆ ತೂರಿಸಬಹುದು. ಒಂಬತ್ತು ವೋಲ್ಟಿನ ಬ್ಯಾಟರಿ, ಬಿಸಿಲಿನಲ್ಲಿಯೂ ಸ್ಪಷ್ಟವಾಗಿ ಕಾಣುವ ಪರದೆ, ಅಂಕಿಯನ್ನು ಹಿಡಿದು ನಿಲ್ಲಿಸುವ ಗುಂಡಿ, ಇವು ಮೂರೂ ಒಪ್ಪತಕ್ಕವು. ಹಿಂಬದಿಯ ಮುಚ್ಚಳ ಮಾತ್ರ ಬಹಳ ತೆಳುವಾದದ್ದು.

ಕೊಳ್ಳುವಾಗ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಮೀಟರಿನ ಗರಿಷ್ಠ ಮಿತಿ. ನಡು ಹಗಲಿನ ತಿಳಿ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಗ್ಗದ ಮೀಟರುಗಳಲ್ಲಿ ಹಲವು 50,000 ಲಕ್ಸ್‌ವರೆಗೆ ಮಾತ್ರ ಅಳೆಯುತ್ತವೆ. ಕಚೇರಿಗೆ ಅದು ಬೇಕಾದಷ್ಟಾಯಿತು, ಆದರೆ ಅರಸೀಕೆರೆಯ ಬಿಸಿಲಿಗೆ ಹಿಡಿದರೆ ಮಿತಿ ಮೀರಿದ ಸೂಚನೆಯೊಂದೇ ಪರದೆಯ ಮೇಲೆ ನಿಲ್ಲುತ್ತದೆ. 2,00,000 ಲಕ್ಸ್‌ವರೆಗಿನ ಮಾದರಿಗೆ ಕೆಲವು ನೂರು ರೂಪಾಯಿ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಬೇಕು. ಕೆಲವು ಮೀಟರುಗಳು ಮೇಲಿನ ಶ್ರೇಣಿಯಲ್ಲಿ ಪರದೆಯ ಅಂಕಿಯನ್ನು ಹತ್ತರಿಂದಲೋ ನೂರರಿಂದಲೋ ಗುಣಿಸಿಕೊಳ್ಳಲು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸೂಚಿಸುತ್ತವೆ. ಬಿಸಿಲಿನಲ್ಲೊಂದು ಶ್ರೇಣಿ, ನೆರಳಿನಲ್ಲೊಂದು ಶ್ರೇಣಿಯಲ್ಲಿ ಓದುವಾಗ ಆ ಸಣ್ಣಕ್ಷರವನ್ನು ಪ್ರತಿ ಸಲವೂ ನೋಡಿಕೊಳ್ಳಬೇಕಾಗುತ್ತದೆ.

ಅಳತೆಯ ಕ್ರಮ ಸರಳ. ಮೊದಲು ಪೈರಿನ ಮೇಲೆ ಬಯಲಿನಲ್ಲಿ ಓದುವುದು, ಕೂಡಲೇ ಬುಡದಲ್ಲಿ ಓದುವುದು. ಮೇಲೆ 90,000, ಕೆಳಗೆ 54,000 ಬಂದರೆ ಶೇ. 60ರಷ್ಟು ಬೆಳಕು ನೆಲಕ್ಕೆ ಹೋಯಿತು, ಬೆಳೆ ತಡೆದದ್ದು ಶೇ. 40. ಹೀಗೆ ಅನುಪಾತ ತೆಗೆಯುವುದರಿಂದ ಅಗ್ಗದ ಮೀಟರಿನ ದೊಡ್ಡ ದೋಷವೊಂದು ತಾನಾಗಿ ಕಳೆದುಹೋಗುತ್ತದೆ: ಮೀಟರು ಎಲ್ಲ ಕಡೆಯೂ ಶೇ. 5ರಷ್ಟು ಹೆಚ್ಚು ತೋರಿಸುವಂಥದ್ದಾದರೂ ಮೇಲಿನದಕ್ಕೂ ಕೆಳಗಿನದಕ್ಕೂ ಅದೇ ತಪ್ಪು ತಗಲುವುದರಿಂದ ಭಾಗಲಬ್ಧ ಬದಲಾಗುವುದಿಲ್ಲ. ಹಾಗಾಗಿ ಅಳತೆಯ ನಿಖರತೆಯನ್ನು ಪರೀಕ್ಷಿಸಿದ ಪ್ರಮಾಣಪತ್ರವಿದೆ ಎಂದು ಎರಡರಷ್ಟು ಬೆಲೆ ಹೇಳುವ ಮಾದರಿಯ ಅಗತ್ಯ ರೈತನಿಗಿಲ್ಲ.

ಆದರೆ ಸಾಲು ಬೆಳೆಯಲ್ಲಿ ಒಂದೇ ಜಾಗದ ಓದಿಗೆ ಅರ್ಥವಿಲ್ಲ. ಕೂರಿಗೆಯಲ್ಲಿ ಒಂದಡಿ ಅಂತರಕ್ಕೆ ಬಿತ್ತಿದ ರಾಗಿಯಲ್ಲಿ ಬುಡದ ಹತ್ತಿರ ಗಾಢ ನೆರಳು, ಎರಡು ಸಾಲಿನ ನಡುವೆ ಎಡೆಕುಂಟೆ ಹಾಯ್ದ ಜಾಗದಲ್ಲಿ ಪೂರ್ಣ ಬಿಸಿಲು. ಒಂದು ಸಾಲಿನಿಂದ ಇನ್ನೊಂದು ಸಾಲಿನವರೆಗೆ ಅಡ್ಡಲಾಗಿ ಸಮ ಅಂತರದಲ್ಲಿ ಸಂವೇದಕ ಇಡುತ್ತಾ ಹೋಗಿ ಸರಾಸರಿ ತೆಗೆಯಬೇಕು, ಅದನ್ನೂ ಹೊಲದ ನಾಲ್ಕಾರು ಕಡೆ ಮಾಡಬೇಕು. ಹೇಳುವುದಕ್ಕಿಂತ ಮಾಡುವುದು ಬೇಸರದ ಕೆಲಸ. ಒಬ್ಬರು ಓದಿ ಹೇಳುವುದಕ್ಕೆ, ಇನ್ನೊಬ್ಬರು ಬರೆದುಕೊಳ್ಳುವುದಕ್ಕೆ ಇದ್ದರೆ ಮಾತ್ರ ಬೇಗ ಮುಗಿಯುತ್ತದೆ. ಕೃಷಿ ವಿಜ್ಞಾನಿಗಳು ಇದೇ ಕಾರಣಕ್ಕೆ 80 ಸಂವೇದಕಗಳನ್ನು ಸಾಲಾಗಿ ಕೂರಿಸಿದ ಕೋಲಿನಂಥ ಉಪಕರಣ ಬಳಸುತ್ತಾರೆ. ಒಂದೇ ಸಲಕ್ಕೆ ಅಡ್ಡಸಾಲಿನ ಸರಾಸರಿಯನ್ನೇ ಅದು ಕೊಡುತ್ತದೆ, ಬೆಲೆ ಮಾತ್ರ ಲಕ್ಷಗಳ ಮಾತು.

ಗಳಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ಭಾರತೀಯ ಕಾಲಮಾನ ಅಲಹಾಬಾದಿನ ಕಡೆಯ ರೇಖಾಂಶಕ್ಕೆ ಹೊಂದಿಸಿದ್ದಾದ್ದರಿಂದ ಜುಲೈ ತಿಂಗಳಲ್ಲಿ ಹಾಸನದ ಆಕಾಶದಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಆಗಸ್ಟ್ ಮೂರನೆಯ ವಾರದಲ್ಲಿ ಅವನು ನೆತ್ತಿಯ ಮೇಲೇ ಹಾಯುತ್ತಾನೆ, ಸಾಲಿನ ನಡುವಿನ ನೆಲಕ್ಕೆ ನೆರಳೇ ಇರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಳೆದರೆ ಓರೆಯಾಗಿ ಬಂದ ಬೆಳಕು ಹೆಚ್ಚು ಎಲೆಗಳನ್ನು ಹಾಯಬೇಕಾಗಿರುವುದರಿಂದ ಅದೇ ಬೆಳೆ ಹೆಚ್ಚು ಹಿಡಿದಂತೆ ತೋರುತ್ತದೆ. ಆದ್ದರಿಂದ ಈ ವಾರದ ಓದನ್ನು ಕಳೆದ ವಾರದ ಓದಿನೊಂದಿಗೆ ಹೋಲಿಸಬೇಕಾದರೆ ಒಂದೇ ಹೊತ್ತಿನಲ್ಲಿ ಅಳೆದಿರಬೇಕು. ತುಂಡು ಮೋಡ ಓಡುವ ದಿನವಂತೂ ಮೀಟರನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ಮೇಲೆ ಓದಿ ಕೆಳಗೆ ಬಗ್ಗುವಷ್ಟರಲ್ಲಿ ಬಿಸಿಲು ಮರೆಯಾಗಿ ಬೆಳೆ ಇದ್ದಕ್ಕಿದ್ದಂತೆ ಶೇ. 90ರಷ್ಟು ಬೆಳಕು ಹಿಡಿದುಬಿಡುತ್ತದೆ!

ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ ಎಂಬ ತಾಂತ್ರಿಕ ಆಕ್ಷೇಪಣೆಯೂ ಇದೆ, ಅದು ನ್ಯಾಯವಾದದ್ದೇ. ಗಿಡಗಳು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನೆಲ್ಲ ಬಳಸುತ್ತವೆ. ನಮ್ಮ ಕಣ್ಣು, ಅದರೊಂದಿಗೆ ಈ ಮೀಟರು, 555ರ ಸುತ್ತಲಿನ ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಎಲೆಗಳು ಕೆಂಪು, ನೀಲಿಯನ್ನು ಹೆಚ್ಚಾಗಿ ಹೀರಿ ಹಸಿರನ್ನು ಕೆಳಕ್ಕೆ ಜಾರಿಸುವುದರಿಂದ ದಟ್ಟ ಬೆಳೆಯ ಬುಡದಲ್ಲಿ ಮೀಟರು ನಿಜಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ಅಂದರೆ ಬೆಳೆ ಹಿಡಿದದ್ದನ್ನು ಕಡಿಮೆ ಮಾಡಿ ಹೇಳುತ್ತದೆ. ಆದರೆ ಬರಕ್ಕೆ ಸಿಕ್ಕಿದ ತೆಳು ಬೆಳೆಯಲ್ಲಿ ನೆಲಕ್ಕೆ ಬೀಳುವುದು ಬಹುತೇಕ ಎಲೆಯ ಸಂದಿಯಲ್ಲಿ ನೇರವಾಗಿ ಇಳಿದ ಬಿಸಿಲೇ ಆಗಿರುವುದರಿಂದ ಈ ತಪ್ಪು ಸಣ್ಣದು. ಒಣ ಹೊಲದ ಮಟ್ಟಿಗೆ ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಮರಗಸಿಗೆ (ನೆರಳಿನ ಮರದ ಕೊಂಬೆ ಸವರುವುದಕ್ಕೆ) ಮುಂಚೆ ಕಾಫಿ ಗಿಡದ ಮೇಲಿನ ನೆರಳು ಅಳೆಯುವವರು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊಲದಲ್ಲಿ ಮೀಟರು ತನ್ನ ಬೆಲೆಯನ್ನು ತೀರಿಸಿದ್ದು ಪುಷ್ಯ, ಆಶ್ಲೇಷ ಮಳೆಗಳು ಹುಸಿಹೋದ ಹೊತ್ತಿನಲ್ಲಿ. ಪಕ್ಕದ ತಗ್ಗಿನಲ್ಲಿ ಕೃಷಿ ಹೊಂಡದ ನೀರು ಹಾಯಿಸಿದ ಒಂದು ಪಟ್ಟೆ, ಅದರ ಮೇಲಿನ ದಿಬ್ಬದಲ್ಲಿ ನೀರಿಲ್ಲದ ರಾಗಿ: ರಸ್ತೆಯಲ್ಲಿ ನಿಂತು ನೋಡಿದರೆ ಎರಡೂ ಹಸಿರೇ. ತಗ್ಗಿನ ಪಟ್ಟೆಯಲ್ಲಿ ಬುಡದ ಓದು ವಾರದಿಂದ ವಾರಕ್ಕೆ ಇಳಿಯುತ್ತಾ ಹೋಯಿತು, ಅಂದರೆ ಹೊದಿಕೆ ಕೂಡಿಕೊಳ್ಳುತ್ತಿತ್ತು. ದಿಬ್ಬದಲ್ಲಿ ಅದು ಇದ್ದಲ್ಲಿಯೇ ನಿಂತಿತು. ಗಿಡ ಸತ್ತಿರಲಿಲ್ಲ, ಬಣ್ಣಗೆಟ್ಟಿರಲಿಲ್ಲ, ಬರಿದೇ ಬೆಳೆಯುವುದನ್ನು ನಿಲ್ಲಿಸಿತ್ತು. ಕೆಳಗಿನ ಎಲೆ ಹಳದಿಯಾಗಿ, ನೋಡಿದವರೆಲ್ಲ "ಬೆಳೆ ಕೆಟ್ಟಿತು" ಎನ್ನುವಷ್ಟರಲ್ಲಿ ಮೀಟರು ಆ ಸಂಗತಿಯನ್ನು ಹೇಳಿ ಬಹಳ ದಿನವಾಗಿತ್ತು. 2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಂಥ ವರ್ಷದಲ್ಲಿ ಘೋಷಣೆಗೆ ಬೇಕಾದ ಸಾಕ್ಷ್ಯಗಳೆಲ್ಲ ಸೇರುವ ಹೊತ್ತಿಗೆ ಬೆಳೆ ತನ್ನ ತೀರ್ಮಾನವನ್ನು ಎಂದೋ ಮಾಡಿಕೊಂಡಿರುತ್ತದೆ ಎಂಬುದು ಇದನ್ನು ನೋಡಿದವರಿಗೆ ಅರ್ಥವಾಗುತ್ತದೆ.

ನಡು ಹಗಲಿನಲ್ಲಿ ಇನ್ನೊಂದು ಸಂಗತಿಯೂ ಸಿಗುತ್ತದೆ. ನೀರು ಸಾಲದ ರಾಗಿ ಮಧ್ಯಾಹ್ನ ಎಲೆಯನ್ನು ಉದ್ದಕ್ಕೆ ಸುರುಳಿ ಸುತ್ತಿ ಸೂಜಿಯಂತೆ ನಿಲ್ಲಿಸಿಕೊಳ್ಳುತ್ತದೆ. ರಾಗಿಯ ನಡುವೆ ಮಿಶ್ರ ಬೆಳೆಯಾಗಿ ಬಿತ್ತಿದ ಅಕ್ಕಡಿ ಸಾಲಿನ ಅಲಸಂದೆ ಎಲೆಯನ್ನು ಸುತ್ತುವುದಿಲ್ಲ. ತೊಟ್ಟಿನ ಬುಡದಲ್ಲಿ ತಿರುಗಿಸಿ ಎಲೆಯ ಅಂಚು ಸೂರ್ಯನ ಕಡೆಗಿರುವಂತೆ ನಿಲ್ಲಿಸುತ್ತದೆ. ಎರಡೂ ಉದ್ದೇಶಪೂರ್ವಕವಾಗಿ ಬೆಳಕನ್ನು ಬಿಟ್ಟುಕೊಡುವ ಉಪಾಯಗಳೇ. ಪತ್ರರಂಧ್ರ ಮುಚ್ಚಿ ಇಂಗಾಲದ ಡೈಆಕ್ಸೈಡ್ ಒಳಬರುವುದು ನಿಂತಾಗ ಹಿಡಿದ ಬೆಳಕಿನಿಂದ ಲಾಭವಿಲ್ಲ, ಎಲೆ ಕಾಯುತ್ತದೆ, ದ್ಯುತಿಸಂಶ್ಲೇಷಣೆಯ ಯಂತ್ರಾಂಗಕ್ಕೇ ಹಾನಿಯಾಗುತ್ತದೆ. ಮುಂಜಾನೆ ಎಲೆ ಮತ್ತೆ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನದ ಓದು ಕೆಟ್ಟಿದೆ ಎಂದ ಮಾತ್ರಕ್ಕೆ ಎಲೆಯೇ ಕಡಿಮೆ ಎಂದು ತೀರ್ಮಾನಿಸಬಾರದು. ಸುರುಳಿ ಸುತ್ತದ ನೀರಾವರಿ ಪಟ್ಟೆಯನ್ನು ಎರಡು ಹೊತ್ತಿನಲ್ಲಿಯೂ ಜೊತೆಗಿಟ್ಟು ಅಳೆದರೆ ತಾತ್ಕಾಲಿಕವಾಗಿ ಮಡಚಿದ್ದು ಎಷ್ಟು, ಶಾಶ್ವತವಾಗಿ ಕಳೆದುಕೊಂಡದ್ದು ಎಷ್ಟು ಎಂದು ಬೇರ್ಪಡಿಸಬಹುದು. ಯಗಟಿಯ ಹೊಲದಲ್ಲಿ ಅಲಸಂದೆ ಸಾಲಿನ ಬುಡದ ಓದು ಮಧ್ಯಾಹ್ನಕ್ಕೂ ಇಳಿಹೊತ್ತಿಗೂ ಎಷ್ಟು ವ್ಯತ್ಯಾಸವಾಗುತ್ತಿತ್ತೆಂದರೆ ಮೀಟರು ಕೆಟ್ಟಿದೆಯೆಂದು ನೆಂಟರು ಬ್ಯಾಟರಿ ಬಿಚ್ಚಿ ನೋಡಿದರು.

ನೆಲಕ್ಕೆ ಬಿದ್ದ ಬೆಳಕು ಸುಮ್ಮನೆ ವ್ಯರ್ಥವಾಗುವುದಷ್ಟೇ ಅಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಒಂದು ಹದ ಮಳೆ ಬಿದ್ದ ಮರುದಿನ ಬಿಸಿಲು ಬಂದರೆ, ಹೊದಿಕೆ ಕೂಡದ ಹೊಲದಲ್ಲಿ ಆ ಶಕ್ತಿ ಮಣ್ಣಿನ ಮೇಲ್ಪದರದ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಬೇರಿನ ಮೂಲಕ ಎಲೆಗೆ ಹೋಗಿ ಬೆಳೆಗೆ ದುಡಿಯಬೇಕಾಗಿದ್ದ ನೀರು ಅದು. ಎಲೆ ಕಡಿಮೆಯಾದದ್ದರಿಂದ ನೀರಿನ ನಷ್ಟ ಹೆಚ್ಚಿ, ನೀರು ಹೋದದ್ದರಿಂದ ಎಲೆ ಮತ್ತೂ ಕಡಿಮೆಯಾಗುವ ಈ ಸುತ್ತನ್ನು ಕಡಿಯಲು ನಮ್ಮ ಕಡೆಯವರು ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲ ಮಾಡುತ್ತಾರೆ. ಬುಡದ ಓದು ಹೆಚ್ಚಿರುವ ಹೊಲಕ್ಕೇ ಆ ಕೆಲಸದ ಪ್ರಯೋಜನವೂ ಹೆಚ್ಚು. ನೆರಳು ಮುಚ್ಚಿದ ಹೊಲದಲ್ಲಿ ಕುಂಟೆ ಹೊಡೆದರೆ ಬೇರು ಕೀಳುವುದೇ ಸೈ.

ಇನ್ನು ಮೀಟರಿನ ಮಿತಿಗಳು. ಬೆಳಕು ಹಿಡಿದದ್ದನ್ನಷ್ಟೇ ಅದು ಹೇಳುತ್ತದೆ, ಹಿಡಿದ ಬೆಳಕಿನಿಂದ ಗಿಡ ಏನು ಮಾಡಿಕೊಂಡಿತು ಎಂಬುದನ್ನು ಹೇಳುವುದಿಲ್ಲ. ಚೆನ್ನಾಗಿ ಹೊದಿಕೆ ಕಟ್ಟಿದ ಬೆಳೆಗೆ ಹೊಡೆ ಬಿಚ್ಚುವ ಸಮಯದಲ್ಲಿ ಬರ ಬಂದರೆ ಮೀಟರಿನ ಓದು ಎಂದಿನಂತೆಯೇ ಸುಂದರವಾಗಿರುತ್ತದೆ, ಒಳಗೆ ಪತ್ರರಂಧ್ರ ಮುಚ್ಚಿ ಕೆಲಸ ನಿಂತಿರುತ್ತದೆ. ತೆನೆ ಜೊಳ್ಳಾಗುವ ಈ ಅಪಾಯವನ್ನು ಬುಡದ ಬೆಳಕು ಎಷ್ಟು ಅಳೆದರೂ ಕಾಣಲಾಗದು. ದೊಡ್ಡ ಹೊದಿಕೆ ಇದ್ದಷ್ಟೂ ಬಾಷ್ಪವಿಸರ್ಜನೆ ಹೆಚ್ಚಿ ಮಣ್ಣಿನ ನೀರು ಬೇಗ ಮುಗಿಯುವುದರಿಂದ, ಮುಂಗಾರು ಚೆನ್ನಾಗಿದ್ದು ಹಸ್ತ, ಚಿತ್ತೆ ಮಳೆ ತಪ್ಪಿದ ವರ್ಷದಲ್ಲಿ ಒಳ್ಳೆಯ ಓದಿನ ಹೊಲವೇ ಮೊದಲು ಸೊರಗಿದರೂ ಆಶ್ಚರ್ಯವಿಲ್ಲ. ಹಂಗಾಮಿನ ಮೊದಲರ್ಧದಲ್ಲಿ ಈ ಸಾಧನವನ್ನು ನಂಬಬೇಕು. ತೆನೆ ಕಟ್ಟುವ ಹೊತ್ತಿಗೆ ಗುದ್ದಲಿಯಿಂದ ಮಣ್ಣು ತೆಗೆದು ತೇವ ನೋಡುವುದೇ ಮೇಲು.

ಮೀಟರಿಗೆ ಕಳೆ ಯಾವುದು, ಬೆಳೆ ಯಾವುದು ಎಂದೂ ತಿಳಿಯದು. ಗರಿಕೆ, ಅಣ್ಣೆ ಸೊಪ್ಪು ತಬ್ಬಿಕೊಂಡ ಹೊಲ ಅದರ ಲೆಕ್ಕದಲ್ಲಿ ಉತ್ತಮ ಹೊಲ. ಒಣಗಿ ಜೋತುಬಿದ್ದ ಕೆಳಗಿನ ಎಲೆಯ ನೆರಳನ್ನೂ ಅದು ಬೆಳೆಯ ಖಾತೆಗೇ ಬರೆಯುತ್ತದೆ. ಈ ಎರಡನೆಯ ದೋಷಕ್ಕೆ ಪರಿಹಾರವಾಗಿ ಫೋನಿನ ಆಪ್ ಇದೆ. ಅಮೆರಿಕದ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದವರು ರೂಪಿಸಿ ಉಚಿತವಾಗಿ ಕೊಟ್ಟ ಕ್ಯಾನೋಪಿಯೋ ಎಂಬ ಆಪ್ ಬೆಳೆಯ ಮೇಲಿನಿಂದ ನೆಟ್ಟಗೆ ಕೆಳಕ್ಕೆ ತೆಗೆದ ಚಿತ್ರದಲ್ಲಿ ಹಸಿರು ಬಿಂದುಗಳನ್ನು ಮಾತ್ರ ಎಣಿಸಿ, ನೆಲದ ಶೇಕಡಾ ಎಷ್ಟು ಭಾಗ ಮುಚ್ಚಿದೆ ಎಂದು ಕ್ಷಣದಲ್ಲಿ ಹೇಳುತ್ತದೆ. ಒಣಗಿದ ಎಲೆ ಅದರ ಎಣಿಕೆಗೆ ಬರುವುದಿಲ್ಲ, ಮೋಡದ ಗೊಡವೆಯೂ ಅಷ್ಟಾಗಿ ಇಲ್ಲ, ಕಾಸೂ ಖರ್ಚಿಲ್ಲ. ಹಾಗಾದರೆ ಮೀಟರೇ ಏಕೆ? ಬೆಳೆ ಮೊಣಕಾಲೆತ್ತರ ದಾಟಿ ಎಲೆಯ ಮೇಲೆ ಎಲೆ ಬಂದಾಗ ಮೇಲಿನ ಚಿತ್ರಕ್ಕೆ ಮೊದಲ ಪದರವಷ್ಟೇ ಕಾಣುತ್ತದೆ. ಒಳಗೆ ಎಷ್ಟು ಬೆಳಕು ಉಳಿದು ಕೆಳಗಿಳಿಯಿತು ಎಂಬುದು ಬುಡದಲ್ಲಿ ಇಟ್ಟ ಸಂವೇದಕಕ್ಕೆ ಮಾತ್ರ ಗೊತ್ತಾಗುತ್ತದೆ. ಬಿತ್ತಿದ ಮೊದಲ ತಿಂಗಳಿಗೆ ಆಪ್, ಆಮೇಲೆ ಮೀಟರು ಎಂದು ನಾನು ಹಂಚಿಕೊಂಡಿದ್ದೇನೆ. ಉಪಗ್ರಹದ ಹಸಿರು ನಕ್ಷೆಗಳು ಪುಕ್ಕಟೆಯಾಗಿ ಸಿಗುತ್ತವೆಯಾದರೂ ಮುಂಗಾರಿನ ಮೋಡದ ಕೆಳಗೆ ಅವು ಕುರುಡು, ಹತ್ತು ಮೀಟರಿನ ಚೌಕದಲ್ಲಿ ನಮ್ಮ ಹೊಲದ ಜೊತೆ ಬದುವಿನ ಬೇವಿನ ಮರವೂ ಸೇರಿಬಿಡುತ್ತದೆ.

ಓದು ಸಿಕ್ಕಿತು, ಅದರಿಂದ ಏನು ಮಾಡುವುದು? ಮಳೆ ಬರಿಸಲು ಯಾವ ಮೀಟರಿಗೂ ಆಗದು. ಆದರೆ ಖರ್ಚಿನ ತೀರ್ಮಾನಗಳಿಗೆ ಇದು ನೆರವಾಯಿತು. ಹೊಂಡದ ಸ್ವಲ್ಪ ನೀರನ್ನು ಎಲ್ಲ ಕಡೆ ತೆಳ್ಳಗೆ ಹಂಚುವ ಬದಲು, ಹೊದಿಕೆ ಅರ್ಧ ಕೂಡಿ ನಿಂತಿದ್ದ ಪಟ್ಟೆಗೆ ಕೊಟ್ಟೆವು. ಒಂದರಿಂದ ಎರಡಕ್ಕೆ ಏರುವ ಎಲೆಗೆ ಸಿಗುವ ಬೆಳಕಿನ ಲಾಭ ಎರಡರ ನಂತರದ ಏರಿಕೆಗಳಿಗಿಂತ ಹೆಚ್ಚೆಂಬ ಮೇಲಿನ ಲೆಕ್ಕ ಅದಕ್ಕೆ ಆಧಾರ. ದಿಬ್ಬದ ರಾಗಿಗೆ ಹಾಕಬೇಕಾಗಿದ್ದ ಮೇಲುಗೊಬ್ಬರವನ್ನು ಓದು ಇಳಿಯತೊಡಗುವವರೆಗೆ ತಡೆಹಿಡಿದೆವು. ತಡವಾಗಿಯಾದರೂ ಮಳೆ ಬಂದಾಗ ರಾಗಿ ಹೊಸ ತೆಂಡೆ ಒಡೆದು ಒಂದಿಷ್ಟನ್ನು ಸರಿದೂಗಿಸಿಕೊಳ್ಳುವ ಬೆಳೆ ಎಂಬುದು ಎಲ್ಲರಿಗೂ ಗೊತ್ತು. ಆ ಚೇತರಿಕೆ ನಿಜವಾಗಿ ನಡೆಯುತ್ತಿದೆಯೇ ಎಂಬುದು ಬುಡದ ಓದಿನಲ್ಲಿ ವಾರದೊಳಗೆ ತಿಳಿಯುತ್ತದೆ. ಹಾಸನದ ಕಡೆ ಮಳೆಯಾಶ್ರಯದಲ್ಲಿ ಆಲೂಗೆಡ್ಡೆ ಹಾಕುವವರಿಗೆ ಇಷ್ಟು ಕಾಲಾವಕಾಶ ಇರುವುದಿಲ್ಲ. ಆಳಕ್ಕಿಳಿಯದ ಬೇರು, ಚಿಕ್ಕ ಅವಧಿ. ಅಲ್ಲಿ ಹೊದಿಕೆ ಹಿಂದೆ ಬಿದ್ದರೆ ಗೆಡ್ಡೆಯ ಗಾತ್ರದಲ್ಲಿ ನೇರವಾಗಿ ಕಾಣುತ್ತದೆ. ಅವರು ಈ ಮೀಟರನ್ನು ನಮಗಿಂತ ಹೆಚ್ಚು ಸಲ ಬಳಸಬೇಕಾದೀತು.

ಅರ್ಧ ಎಕರೆ, ಒಂದು ಎಕರೆ ಇರುವವರು ಪ್ರತಿಯೊಬ್ಬರೂ ಒಂದೊಂದು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ದಿನಾ ಹೊಲ ತಿರುಗುವವರ ಕಣ್ಣು ಚಿಕ್ಕ ಹಿಡುವಳಿಗೆ ಸಾಕು, ಜೊತೆಗೆ ಉಚಿತ ಆಪ್ ಇದ್ದರೆ ಮತ್ತೂ ಒಳ್ಳೆಯದು. ಬೇರೆ ಬೇರೆ ಮಣ್ಣಿನಲ್ಲಿ ಹಲವು ತಾಕು ಇರುವವರು, ಜಿಪಿಯು-28, ಎಂಎಲ್-365ರಂಥ ಎರಡು ರಾಗಿ ತಳಿಗಳನ್ನು ಅಕ್ಕಪಕ್ಕ ಹಾಕಿ ನಮ್ಮ ನೆಲಕ್ಕೆ ಯಾವುದು ಬೇಗ ಹೊದಿಕೆ ಕಟ್ಟುತ್ತದೆ ಎಂದು ನೋಡಬಯಸುವವರು, ರೈತ ಉತ್ಪಾದಕ ಸಂಘಗಳು, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಕೊಂಡರೆ ಹಣ ನೀರಿಗೆ ಹಾಕಿದಂತಾಗುವುದಿಲ್ಲ. ಊರಿಗೊಂದು ಮೀಟರಿದ್ದು ಕೈಯಿಂದ ಕೈಗೆ ಓಡಾಡಿದರೂ ನಡೆಯುತ್ತದೆ, ಸಂವೇದಕದ ಬಿಳಿ ಮುಚ್ಚಳವನ್ನು ಒರೆಸಿ ಕೊಡುವ ಒಪ್ಪಂದವೊಂದಿದ್ದರೆ ಸರಿ.

ಅಂಗಡಿಯಲ್ಲಿ ಕೊಳ್ಳುವುದಾದರೆ ಕೌಂಟರಿನ ಟ್ಯೂಬ್‌ಲೈಟಿನ ಕೆಳಗೆ ಪರೀಕ್ಷಿಸಿ ತೃಪ್ತರಾಗಬೇಡಿ. ಮೀಟರನ್ನು ಬೀದಿಯ ನಡು ಬಿಸಿಲಿಗೆ ತಂದು, ಪರದೆಯ ಮೇಲೆ ಅಂಕಿ ನಿಲ್ಲುತ್ತದೆಯೋ ಮಿತಿ ಮೀರುತ್ತದೆಯೋ ನೋಡಿ, ಸಂವೇದಕದ ತಂತಿ ಕಡೇ ಪಕ್ಷ ಒಂದು ಮೀಟರಾದರೂ ಚಾಚುತ್ತದೆಯೇ ಎಂದು ಎಳೆದು ನೋಡಿ, ಬ್ಯಾಟರಿ ಮುಚ್ಚಳವನ್ನು ಒಮ್ಮೆ ತೆಗೆದು ಹಾಕಿ, ಆಮೇಲೆ ಹಣ ಕೊಡಿ. ಆನ್‌ಲೈನ್‌ನಲ್ಲಿ ತರಿಸಿದರೆ ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಇದೇ ಪರೀಕ್ಷೆಯನ್ನು ಒಂದು ತಿಳಿ ಬಿಸಿಲಿನ ದಿನ ಮಾಡಬೇಕು, ಮಲೆನಾಡಿನ ಮಳೆಗಾಲದಲ್ಲಿ ತರಿಸಿಕೊಂಡವರಿಗೆ ಅಂಥ ದಿನ ಸಿಗುವುದೇ ಕಷ್ಟ.